ಕುವೈತಿನ ಷೇಖ್ ಮುಬಾರಕ್

ಪರ್ಷಿಯ ಕೊಲ್ಲಿಯ ವಾಯವ್ಯ ಮೂಲೆಯಲ್ಲಿ, ಮರಳುಗಾಡು ಕಡಲನ್ನು ಬಂದು ಮುಟ್ಟುವ ಎಡೆಯಲ್ಲಿ, ಕುವೈತ್ ಎಂಬ ಪುಟ್ಟ ರಾಷ್ಟ್ರವಿದೆ. ನೆಲದೊಳಗಿನ ಎಣ್ಣೆಯಿಂದ ಅದರ ಹೆಸರು ಲೋಕಕ್ಕೆಲ್ಲ ತಿಳಿದಿದೆ; ಅಲ್ಲಿಗೆ ದುಡಿಮೆಗೆ ಹೋದವರಿರುವ ನಮ್ಮ ಕರಾವಳಿಯ ಮನೆಗಳಿಗಂತೂ ಅದು ನೆರೆಯೂರಿನಷ್ಟು ಪರಿಚಿತ. 1962ರಲ್ಲಿ ಆ ದೇಶವು ತನಗೊಂದು ಸಂವಿಧಾನವನ್ನು ರಚಿಸಿಕೊಂಡಾಗ, ಗದ್ದುಗೆಯು ದಿವಂಗತ ಮುಬಾರಕ್ ಅಲ್-ಸಬಾಹನ ಸಂತತಿಯವರಿಗೇ ಸಲ್ಲತಕ್ಕದ್ದೆಂದು ಅದರ ನಾಲ್ಕನೆಯ ವಿಧಿಯಲ್ಲಿ ಬರೆಯಲಾಯಿತು. ಇದರಲ್ಲಿ ಒಂದು ವಿಶೇಷವುಂಟು. ಮುಬಾರಕನು ಆ ವಂಶದ ಮೂಲಪುರುಷನಲ್ಲ. ಅವನು ಏಳನೆಯ ದೊರೆ. ಅವನಿಗೆ ಹಿಂದಿನ ಆರು ಮಂದಿಯನ್ನು ಬಿಟ್ಟು ಅವನ ಹೆಸರನ್ನೇ ಹಿಡಿಯಲು ಕಾರಣವೇನು? ಒಡಹುಟ್ಟಿದವರಿಬ್ಬರನ್ನು ಕೊಂದು ಪಟ್ಟಕ್ಕೆ ಬಂದವನು ಅವನು. ಗುಟ್ಟಾದ ಒಂದು ಕಾಗದಕ್ಕೆ ಮುದ್ರೆಯೊತ್ತಿ ಆ ಪಟ್ಟವನ್ನು ಉಳಿಸಿಕೊಂಡವನೂ ಅವನೇ. ಆ ಕಾಗದವು ಅವನಿಗೆ ಕವಚವಾಯಿತೋ ಸಂಕೋಲೆಯಾಯಿತೋ ಎಂಬುದು ಅವನ ಜೀವನವನ್ನು ಓದುವವರೆಲ್ಲರ ಮುಂದೆ ನಿಲ್ಲುವ ಪ್ರಶ್ನೆ.

ಊರು ಮತ್ತು ಮನೆತನ

ಕುವೈತ್ ಎಂದರೆ ಚಿಕ್ಕ ಕೋಟೆ. ಹದಿನೆಂಟನೆಯ ಶತಮಾನದ ಮೊದಲಲ್ಲಿ, ಅರೇಬಿಯದ ಒಳನಾಡಿನಿಂದ ವಲಸೆ ಬಂದ ಉತೂಬ್ ಎಂಬ ಬಳಗದವರು ಆ ಕೊಲ್ಲಿಯ ದಡದಲ್ಲಿ ನೆಲೆಸಿದರು. ಆ ಬಳಗದಲ್ಲಿ ಮುಖ್ಯವಾದ ಮನೆತನಗಳು ಮೂರು: ಸಬಾಹರು, ಖಲೀಫರು, ಜಲಾಹಿಮರು. ಖಲೀಫರು ಕುವೈತನ್ನು ಬಿಟ್ಟು ದಕ್ಷಿಣಕ್ಕೆ ಸಾಗಿ, 1783ರಲ್ಲಿ ಬಹರೈನ್ ದ್ವೀಪವನ್ನು ಗೆದ್ದು ಅಲ್ಲಿ ದೊರೆಗಳಾದರು. ಸಬಾಹರು ಕುವೈತಿನಲ್ಲಿಯೇ ಉಳಿದರು. ಕೊಲ್ಲಿಯ ತೀರದಲ್ಲಿ ಇಂದಿಗೂ ಆಳುತ್ತಿರುವ ಮನೆತನಗಳಲ್ಲಿ ಹಲವಕ್ಕೆ ಹೀಗೆ ಒಂದರೊಡನೊಂದು ನೆಂಟಸ್ತಿಕೆಯೂ ಉಂಟು, ಹಳೆಯ ಹಗೆಯೂ ಉಂಟು.

ಆ ಊರಿನಲ್ಲಿ ಬೆಳೆಯುವುದು ಏನೂ ಇರಲಿಲ್ಲ. ಕುಡಿಯುವ ನೀರನ್ನು ಸಹ ಹೊರಗಿನಿಂದ ತರಬೇಕಾಗಿದ್ದಿತು. ಜನರ ಬದುಕೆಲ್ಲ ಕಡಲಿನಲ್ಲಿ. ಬೇಸಗೆಯ ನಾಲ್ಕು ತಿಂಗಳು ಅವರು ಮುತ್ತಿನ ಚಿಪ್ಪಿಗಾಗಿ ಮುಳುಗುತ್ತಿದ್ದರು. ಮಿಕ್ಕ ಕಾಲದಲ್ಲಿ ಹಾಯಿಹಡಗುಗಳಲ್ಲಿ ಬಸ್ರಾದ ಖರ್ಜೂರವನ್ನು ತುಂಬಿಕೊಂಡು ಭಾರತದ ಪಶ್ಚಿಮ ತೀರಕ್ಕೂ ಆಫ್ರಿಕಕ್ಕೂ ಹೋಗುತ್ತಿದ್ದರು. ಆ ಹಡಗುಗಳನ್ನು ಕಟ್ಟುತ್ತಿದ್ದುದು ಮಲಬಾರಿನ ತೇಗದಿಂದ. ಮುತ್ತುಗಳು ಮಾರಾಟವಾಗುತ್ತಿದ್ದುದು ಮುಂಬಯಿಯಲ್ಲಿ. ಪೇಟೆಯಲ್ಲಿ ಓಡಾಡುತ್ತಿದ್ದ ನಾಣ್ಯ ಭಾರತದ ರೂಪಾಯಿ. ಊರ ವರ್ತಕರು ಶ್ರೀಮಂತರು, ಷೇಖನು ಅವರಷ್ಟು ಶ್ರೀಮಂತನಲ್ಲ. ಅವರು ಕೊಟ್ಟ ಸುಂಕದಿಂದ ಅವನು ಊರನ್ನು ಕಾಯಬೇಕು, ಮರುಭೂಮಿಯ ಬುಡಕಟ್ಟುಗಳನ್ನು ಅಂಕೆಯಲ್ಲಿ ಇಡಬೇಕು. ದೊಡ್ಡ ವಿಷಯಗಳಲ್ಲಿ ಅವರ ಮಾತನ್ನು ಕೇಳಬೇಕು. ಹೀಗಿದ್ದಿತು ಅಲ್ಲಿನ ಕಟ್ಟುಪಾಡು.

ಉತ್ತರದಲ್ಲಿ ಬಸ್ರಾ ತುರ್ಕಿಯ ಸುಲ್ತಾನನದು. ಕುವೈತಿನ ಷೇಖರು ಸುಲ್ತಾನನನ್ನು ಇಸ್ಲಾಮಿನ ಖಲೀಫನೆಂದು ಗೌರವಿಸುತ್ತಿದ್ದರು. ಅವನ ಧ್ವಜವನ್ನು ಹಾರಿಸುತ್ತಿದ್ದರು. ಅವನ ಅಧಿಕಾರಿಗಳನ್ನು ಮಾತ್ರ ಊರೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. 1871ರಲ್ಲಿ ಬಾಗ್ದಾದಿನ ಅಧಿಪತಿ ಮಿದ್ಹತ್ ಪಾಷನು ಅಲ್-ಹಸಾ ಪ್ರಾಂತವನ್ನು ಗೆಲ್ಲಲು ದಂಡನ್ನು ಕಳುಹಿಸಿದಾಗ ಮುಬಾರಕನ ಅಣ್ಣ ಷೇಖ್ ಅಬ್ದುಲ್ಲಾ ತನ್ನ ಹಡಗುಗಳನ್ನು ಕೊಟ್ಟು ನೆರವಾದನು. ಕೈಮಕಾಮ್ ಎಂಬ ಬಿರುದನ್ನು ಸ್ವೀಕರಿಸಿದನು. ಜಿಲ್ಲೆಯೊಂದರ ಉಪಾಧಿಕಾರಿ ಎಂಬುದು ಆ ಬಿರುದಿನ ಅರ್ಥ. ಕುವೈತಿನಲ್ಲಿ ಅದನ್ನು ಒಂದು ಮರ್ಯಾದೆ ಎಂದು ತಿಳಿದರು. ಇಸ್ತಾಂಬುಲಿನಲ್ಲಿ ಅದನ್ನು ಅಧೀನತೆ ಎಂದು ತಿಳಿದರು. ಈ ಎರಡು ತಿಳಿವಳಿಕೆಗಳ ನಡುವಣ ಅಂತರವೇ ಮುಂದಿನ ಕಥೆಗೆಲ್ಲ ಕಾರಣ.

ಅಣ್ಣತಮ್ಮಂದಿರು

1892ರಲ್ಲಿ ಅಬ್ದುಲ್ಲಾ ತೀರಿಕೊಂಡನು. ಅವನ ತಮ್ಮ ಮುಹಮ್ಮದ್ ಷೇಖನಾದನು. ಹಣಕಾಸಿನ ವ್ಯವಹಾರವನ್ನು ಮತ್ತೊಬ್ಬ ತಮ್ಮ ಜರ್ರಾಹ್ ನೋಡಿಕೊಂಡನು. ಇವರಿಗೆ ಮಲಸೋದರನಾದ ಮುಬಾರಕನ ಪಾಲಿಗೆ ಬಂದದ್ದು ಮರುಭೂಮಿ. ಬುಡಕಟ್ಟುಗಳ ನಡುವೆ ಸಂಚರಿಸುವುದು, ಕೊಳ್ಳೆ ಹೊಡೆದವರನ್ನು ದಂಡಿಸುವುದು, ಒಲಿದವರಿಗೆ ಉಡುಗೊರೆ ಕೊಡುವುದು ಅವನ ಕೆಲಸ. ಉಡುಗೊರೆಗೆ ಹಣ ಬೇಕು. ಹಣದ ಚೀಲ ಜರ್ರಾಹನ ಕೈಯಲ್ಲಿ. ಕೇಳಿದಾಗಲೆಲ್ಲ ಅದು ಬಿಗಿಯಾಗುತ್ತಿತ್ತು. ಮರಳಿನಲ್ಲಿ ಕುದುರೆಯ ಮೇಲೆ ಕಳೆದವನಿಗೆ, ಊರಲ್ಲಿ ಕುಳಿತ ಸೋದರರ ಮುಂದೆ ಸಾಲಗಾರನಂತೆ ನಿಲ್ಲಬೇಕಾಗಿ ಬಂದಿತು.

ಇನ್ನೊಂದು ಕಾರಣವೂ ಇದ್ದಿತು. ಯೂಸುಫ್ ಅಲ್-ಇಬ್ರಾಹಿಂ ಎಂಬ ದೊಡ್ಡ ವರ್ತಕನು ಆಗ ಕುವೈತಿನ ಆಡಳಿತದಲ್ಲಿ ಪ್ರಬಲನಾಗಿದ್ದನು. ಷತ್ತುಲ್ ಅರಬ್ ನದಿಯ ದಡದಲ್ಲಿ ಅವನಿಗೆ ವಿಶಾಲವಾದ ಖರ್ಜೂರದ ತೋಟಗಳಿದ್ದವು; ಷೇಖನ ಮನೆಯೊಡನೆ ನೆಂಟಸ್ತಿಕೆಯೂ ಇದ್ದಿತು; ಬಸ್ರಾದ ತುರ್ಕಿ ಅಧಿಕಾರಿಗಳೊಡನೆ ಸಲಿಗೆಯೂ ಇದ್ದಿತು. ಆಳುವವನು ಮುಹಮ್ಮದನೋ ಯೂಸುಫನೋ ಎಂದು ಜನ ಮಾತನಾಡಿಕೊಳ್ಳುವ ಮಟ್ಟಿಗೆ ಅವನ ಪ್ರಭಾವ ಬೆಳೆದಿದ್ದಿತು.

1896ರ ಮೇ ತಿಂಗಳ ಒಂದು ರಾತ್ರಿ, ಮುಬಾರಕನು ತನ್ನ ಮಕ್ಕಳನ್ನೂ ಕೆಲವು ಅನುಚರರನ್ನೂ ಕೂಡಿಕೊಂಡು ಅರಮನೆಯನ್ನು ಹೊಕ್ಕನು. ಬೆಳಗಾಗುವ ವೇಳೆಗೆ ಮುಹಮ್ಮದನೂ ಜರ್ರಾಹನೂ ಸತ್ತಿದ್ದರು. ಕೊಲ್ಲಿಯ ರಾಜಮನೆತನಗಳ ಚರಿತ್ರೆಯಲ್ಲಿ ಇಂತಹ ರಾತ್ರಿಗಳು ವಿರಳವಲ್ಲವಾದರೂ, ಕುವೈತಿನ ಸಬಾಹರಲ್ಲಿ ಅಂಥದು ಅದುವರೆಗೆ ನಡೆದಿರಲಿಲ್ಲ. ಮರುದಿನ ಮುಬಾರಕನು ಊರ ಮುಖ್ಯಸ್ಥರನ್ನು ಕರೆಸಿ ತಾನೇ ಷೇಖನೆಂದು ತಿಳಿಸಿದನು. ಅವರು ಸಮ್ಮತಿಸಿದರು. ಐವತ್ತು ದಾಟಿದ್ದ, ಮರುಭೂಮಿಯ ಕುದುರೆಸವಾರರನ್ನು ಬೆನ್ನಿಗಿಟ್ಟುಕೊಂಡಿದ್ದ ಆ ಗಟ್ಟಿಗನೆದುರು ಬೇರೆ ಮಾತನ್ನಾಡುವ ಧೈರ್ಯ ಯಾರಿಗಿದ್ದೀತು?

ಸತ್ತವರ ಮಕ್ಕಳು ಬಸ್ರಾಕ್ಕೆ ಓಡಿದರು. ಯೂಸುಫನು ಅವರ ಪಕ್ಷವನ್ನು ವಹಿಸಿ, ತನ್ನ ಐಶ್ವರ್ಯವನ್ನೆಲ್ಲ ಸೇಡಿಗೆ ಮುಡಿಪಾಗಿಟ್ಟನು. ಬಸ್ರಾದ ಅಧಿಪತಿಯನ್ನು ಒಲಿಸಿಕೊಂಡನು. 1897ರಲ್ಲಿ ಹಡಗುಗಳಲ್ಲಿ ಜನರನ್ನು ತುಂಬಿಕೊಂಡು ಕುವೈತಿನ ಮೇಲೆ ಬಂದು, ಊರು ಎಚ್ಚರವಾಗಿರುವುದನ್ನು ಕಂಡು ಹಿಂದಿರುಗಿದನು. ಅಂದಿನಿಂದ ಮುಬಾರಕನ ನಿದ್ರೆ ಹೋಯಿತು. ಅವನಿಗೆ ಅಂಜಿಕೆಯಿದ್ದುದು ಕುವೈತನ್ನು ಬಯಸುವ ಸಾಮ್ರಾಜ್ಯಗಳಿಗಿಂತಲೂ ಹೆಚ್ಚಾಗಿ, ತನ್ನ ರಕ್ತವನ್ನು ಬಯಸುವ ನೆಂಟರಿಗೆ. ಅವನ ರಾಜನೀತಿಯೆಲ್ಲ ಮೊಳೆತದ್ದು ಆ ಅಂಜಿಕೆಯಲ್ಲಿ.

ಒಂದು ಕಾಗದ

ಅವನು ಎರಡು ಬಾಗಿಲುಗಳನ್ನು ಒಟ್ಟಿಗೆ ತಟ್ಟಿದನು. ಬಸ್ರಾಕ್ಕೂ ಇಸ್ತಾಂಬುಲಿಗೂ ಕಾಣಿಕೆಗಳನ್ನು ಕಳುಹಿಸಿ, 1897ರ ಕೊನೆಗೆ ಕೈಮಕಾಮ್ ಬಿರುದನ್ನು ಪಡೆದುಕೊಂಡನು. ಅದೇ ವರ್ಷ ಬುಷಿರಿನಲ್ಲಿದ್ದ ಬ್ರಿಟಿಷ್ ರೆಸಿಡೆಂಟನಿಗೆ ತನ್ನನ್ನು ರಕ್ಷಣೆಗೆ ತೆಗೆದುಕೊಳ್ಳಬೇಕೆಂದು ಹೇಳಿಕಳುಹಿಸಿದನು. ಬ್ರಿಟಿಷರು ಮೊದಲು ಒಪ್ಪಲಿಲ್ಲ. ತುರ್ಕಿಯೊಡನೆ ಜಗಳ ಅವರಿಗೆ ಬೇಡವಾಗಿತ್ತು. ಕೊಲೆಗಾರನೊಬ್ಬನ ಪಕ್ಷ ಹಿಡಿದರೆಂಬ ಅಪವಾದವೂ ಬೇಡವಾಗಿತ್ತು.

ಅವರ ಮನಸ್ಸನ್ನು ಬದಲಿಸಿದ್ದು ಮುಬಾರಕನ ಬಿನ್ನಹವಲ್ಲ, ಒಂದು ರೈಲುದಾರಿಯ ಸುದ್ದಿ. 1898ರಲ್ಲಿ ಕಾಪ್ನಿಸ್ಟ್ ಎಂಬ ರಷ್ಯದ ಶ್ರೀಮಂತನೊಬ್ಬನು ಮೆಡಿಟರೇನಿಯನ್ ತೀರದ ಟ್ರಿಪೊಲಿಯಿಂದ ಕುವೈತಿನವರೆಗೆ ರೈಲು ಹಾಕುವ ಪರವಾನಗಿಯನ್ನು ಸುಲ್ತಾನನಿಂದ ಪಡೆಯಲು ಯತ್ನಿಸುತ್ತಿದ್ದನು. ರಷ್ಯನ್ನರಿಗೆ ಕೊಲ್ಲಿಯಲ್ಲಿ ರೇವು ದೊರೆತರೆ ಭಾರತದ ಗತಿಯೇನೆಂದು ಬ್ರಿಟಿಷರು ಬೆಚ್ಚಿದರು. 1899ರ ಜನವರಿಯ ಮೊದಲಲ್ಲಿ ಕರ್ಜನ್ ವೈಸರಾಯನಾಗಿ ಅಧಿಕಾರ ವಹಿಸಿಕೊಂಡನು. ಕೊಲ್ಲಿಯನ್ನು ಭಾರತದ ಹೊರಬಾಗಿಲೆಂದು ಭಾವಿಸಿದ್ದವನು ಅವನು. ಅದೇ ತಿಂಗಳಿನಲ್ಲಿ ರೆಸಿಡೆಂಟನಾದ ಕರ್ನಲ್ ಮೀಡ್ ಕುವೈತಿಗೆ ಬಂದನು. 23ನೆಯ ತಾರೀಖು ಒಪ್ಪಂದವಾಯಿತು.

ಆ ಪತ್ರ ಚಿಕ್ಕದು. ಬ್ರಿಟಿಷ್ ಸರ್ಕಾರದ ಒಪ್ಪಿಗೆಯಿಲ್ಲದೆ ಬೇರೆ ಯಾವ ರಾಜ್ಯದ ಪ್ರತಿನಿಧಿಯನ್ನೂ ಕುವೈತಿನಲ್ಲಿ ಬರಮಾಡಿಕೊಳ್ಳುವುದಿಲ್ಲವೆಂದೂ, ಅವರ ಒಪ್ಪಿಗೆಯಿಲ್ಲದೆ ತನ್ನ ನೆಲದ ಯಾವ ಭಾಗವನ್ನೂ ಬೇರೆ ಸರ್ಕಾರಕ್ಕಾಗಲಿ ಅದರ ಪ್ರಜೆಗಳಿಗಾಗಲಿ ಮಾರುವುದಿಲ್ಲ, ಗುತ್ತಿಗೆ ಕೊಡುವುದಿಲ್ಲ, ಅಡವಿಡುವುದಿಲ್ಲವೆಂದೂ ಮುಬಾರಕನು ತನ್ನ ಪರವಾಗಿ, ತನ್ನ ವಾರಸುದಾರರ ಪರವಾಗಿ ಬರೆದುಕೊಟ್ಟನು. ಎಂಟು ವರ್ಷ ಹಿಂದೆ ಮಸ್ಕತಿನ ಸುಲ್ತಾನನಿಂದ ಬರೆಸಿಕೊಂಡಿದ್ದ ಪತ್ರವೇ ಇದಕ್ಕೆ ಮಾದರಿ. ಪ್ರತಿನಿಧಿಗಳ ಮಾತನ್ನು ಹೊಸದಾಗಿ ಸೇರಿಸಿದ್ದರು. ಬಹರೈನೂ ತೀರದ ಇತರ ಷೇಖರೂ ಇಂತಹ ಪತ್ರಗಳನ್ನು ಮೊದಲೇ ಕೊಟ್ಟಿದ್ದರು. ಇದಕ್ಕೆ ಪ್ರತಿಯಾಗಿ ಮುಬಾರಕನಿಗೆ ದೊರೆತದ್ದು ಎರಡು: ಒಂದು, ಕರಾರನ್ನು ಚಾಚೂ ತಪ್ಪದೆ ನಡೆಸುವವರೆಗೆ ಅವನಿಗೂ ಅವನ ವಂಶಕ್ಕೂ ಬ್ರಿಟಿಷ್ ಸರ್ಕಾರದ ಸದ್ಭಾವವಿರುವುದೆಂಬ ಭರವಸೆಯ ಕಾಗದ, ಇನ್ನೊಂದು, ಬುಷಿರಿನ ಖಜಾನೆಯಿಂದ ಹದಿನೈದು ಸಾವಿರ ರೂಪಾಯಿ. ರಕ್ಷಣೆ ಎಂಬ ಮಾತನ್ನು ಅವರು ಎಲ್ಲಿಯೂ ಬರೆಯಲಿಲ್ಲ. ಫಾವ್ ಪ್ರದೇಶದಲ್ಲಿ, ತುರ್ಕಿಯ ನೆಲದಲ್ಲಿದ್ದ ಮನೆತನದ ಖರ್ಜೂರದ ತೋಟಗಳಿಗೆ ಭದ್ರತೆ ಬೇಕೆಂಬುದು ಮುಬಾರಕನ ದೊಡ್ಡ ಚಿಂತೆಯಾಗಿತ್ತು. ಅದರ ಬಗೆಗೆ ಸ್ಪಷ್ಟವಾದ ಮಾತು ಸಿಗಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ವಿಷಯವನ್ನು ಯಾರಿಗೂ ತಿಳಿಸಬಾರದೆಂಬ ಕಟ್ಟಳೆ ಇದ್ದಿತು.

ಮೈಸೂರಿನ ಚರಿತ್ರೆಯನ್ನು ಬಲ್ಲ ವಾಚಕರಿಗೆ ರೆಸಿಡೆಂಟ್ ಎಂಬ ಹೆಸರು ಹೊಸದಲ್ಲ. ಬುಷಿರಿನ ರೆಸಿಡೆಂಟನು ಭಾರತ ಸರ್ಕಾರದ ನೌಕರನೇ. ಮೈಸೂರಿನಲ್ಲಿ, ಹೈದರಾಬಾದಿನಲ್ಲಿ ಪಳಗಿದ ಪದ್ಧತಿಯೇ ಕಡಲು ದಾಟಿ ಅಲ್ಲಿಗೂ ಹೋಗಿದ್ದಿತು. ಆದರೆ ಭೇದವೂ ಇದ್ದಿತು. ಮೈಸೂರು ವರ್ಷವರ್ಷ ಪೊಗದಿಯನ್ನು ಸಲ್ಲಿಸಬೇಕಾಗಿತ್ತು, ಐವತ್ತು ವರ್ಷ ತನ್ನ ಆಡಳಿತವನ್ನೇ ಕಮಿಷನರುಗಳಿಗೆ ಬಿಟ್ಟುಕೊಡಬೇಕಾಗಿತ್ತು. ಕುವೈತಿನಿಂದ ಅವರು ಪೊಗದಿಯನ್ನು ಕೇಳಲಿಲ್ಲ, ಒಳಾಡಳಿತಕ್ಕೆ ಕೈಹಾಕಲಿಲ್ಲ. ಅವರಿಗೆ ಬೇಕಾಗಿದ್ದುದು ಊರಲ್ಲ, ಊರು ಬೇರೆಯವರ ಕೈಸೇರದಿರುವುದು. ಮುಬಾರಕನಿಗೆ ಬೇಕಾಗಿದ್ದುದು ಬ್ರಿಟಿಷರಲ್ಲ, ತನ್ನ ಹಗೆಗಳಿಗೂ ತನಗೂ ನಡುವೆ ಒಂದು ಯುದ್ಧನೌಕೆ. ಇಬ್ಬರಿಗೂ ಬೇಕಾದದ್ದು ಬೇರೆಬೇರೆಯಾಗಿದ್ದುದರಿಂದಲೇ ಒಪ್ಪಂದವು ಅಷ್ಟು ಸುಲಭವಾಯಿತು.

ನೌಕೆಯ ನೆರಳಿನಲ್ಲಿ

ಕಾಗದವು ಗುಟ್ಟಾಗಿದ್ದರೂ ಅದರ ಫಲ ಬೇಗನೆ ಕಾಣಿಸಿಕೊಂಡಿತು. ತುರ್ಕಿಯವರು ಕಳುಹಿಸಿದ ಬಂದರಿನ ಅಧಿಕಾರಿಯನ್ನು ಮುಬಾರಕನು ಹಿಂದಕ್ಕೆ ಅಟ್ಟಿದನು. 1900ರ ಮೊದಲಲ್ಲಿ, ಬಾಗ್ದಾದ್ ರೈಲಿನ ಕೊನೆಯ ನಿಲ್ದಾಣಕ್ಕೆ ಸ್ಥಳ ಹುಡುಕುತ್ತ ಬಂದ ಜರ್ಮನ್ ನಿಯೋಗವನ್ನು ಆದರದಿಂದ ಬರಮಾಡಿಕೊಂಡು, ಊಟ ಬಡಿಸಿ, ಒಂದು ಮೊಳ ನೆಲವನ್ನೂ ಕೊಡದೆ ಬೀಳ್ಕೊಟ್ಟನು.

ಇದರಿಂದ ಅವನ ಧೈರ್ಯ ಮಿತಿಮೀರಿತು. ಮಧ್ಯ ಅರೇಬಿಯದಲ್ಲಿ ಆಗ ಹಾಯಿಲಿನ ರಷೀದ್ ಮನೆತನ ಮೇಲುಗೈಯಾಗಿತ್ತು. ಅದು ತುರ್ಕಿಯ ಕಡೆಯದು, ಯೂಸುಫನಿಗೂ ಆಶ್ರಯ ಕೊಟ್ಟದ್ದು. ಅದರಿಂದ ರಿಯಾದನ್ನು ಕಳೆದುಕೊಂಡ ಸೌದ್ ಮನೆತನದ ಅಬ್ದುಲ್ ರಹಮಾನನೂ ಅವನ ಮಗ ಅಬ್ದುಲ್ ಅಜೀಜನೂ ಕುವೈತಿನಲ್ಲಿ ಆಶ್ರಿತರಾಗಿ ಬಡತನದಿಂದ ದಿನ ಕಳೆಯುತ್ತಿದ್ದರು. ಮುಬಾರಕನು ಇವರನ್ನೂ ಹಲವು ಬುಡಕಟ್ಟುಗಳನ್ನೂ ಕೂಡಿಸಿಕೊಂಡು ಒಳನಾಡಿನ ಮೇಲೆ ದಂಡೆತ್ತಿ ಹೋದನು. 1901ರ ಮಾರ್ಚ್ 17ರಂದು ಬುರೈದಾದ ಬಳಿಯ ಸರೀಫ್ ಎಂಬಲ್ಲಿ ಇಬ್ನ್ ರಷೀದನ ಸೈನ್ಯ ಅವನನ್ನು ಎದುರಿಸಿತು. ಕುವೈತಿನ ದಂಡು ನುಚ್ಚುನೂರಾಯಿತು. ಸತ್ತವರಲ್ಲಿ ಮುಬಾರಕನ ತಮ್ಮ ಹಮೂದನೂ ಇದ್ದನು. ದೊರೆ ಅಳಿದುಳಿದವರೊಡನೆ ಊರಿಗೆ ಮರಳಿದಾಗ ಅನೇಕ ಮನೆಗಳಲ್ಲಿ ಗೋಳೆದ್ದಿತು. ಮರಳನ್ನು ಚೆನ್ನಾಗಿ ಬಲ್ಲವನೆಂಬ ಅವನ ಕೀರ್ತಿ ಆ ಮರಳಿನಲ್ಲಿಯೇ ಹೂತುಹೋಯಿತು.

ಈಗ ಇಬ್ನ್ ರಷೀದನು ಕುವೈತಿನ ಹೊಸ್ತಿಲಿಗೆ ಬಂದನು. ಆಗಸ್ಟಿನಲ್ಲಿ ಜುಹಾಫ್ ಎಂಬ ತುರ್ಕಿಯ ನೌಕೆಯೂ ಬಂದಿತು. ಕುವೈತಿನ ಮುಂದೆ ಲಂಗರು ಹಾಕಿದ್ದ ಪರ್ಸ್ಯೂಸ್ ಎಂಬ ಬ್ರಿಟಿಷ್ ನೌಕೆಯ ಕಪ್ತಾನನು, ಸೈನಿಕರನ್ನು ಇಳಿಸಿದರೆ ಗುಂಡು ಹಾರಿಸಬೇಕಾಗುವುದೆಂದು ಎಚ್ಚರಿಸಿ ಅದನ್ನು ತಡೆದನು. ಲಂಡನಿಗೂ ಇಸ್ತಾಂಬುಲಿಗೂ ನಡುವೆ ಬಿರುಸಾದ ಪತ್ರವ್ಯವಹಾರ ನಡೆದು, ತುರ್ಕಿ ಕುವೈತಿಗೆ ದಂಡು ಕಳುಹಿಸಬಾರದು, ಬ್ರಿಟನ್ ಅದನ್ನು ತನ್ನ ರಕ್ಷಿತ ರಾಜ್ಯವೆಂದು ಸಾರಬಾರದು ಎಂಬ ತಿಳಿವಳಿಕೆಗೆ ಬರಲಾಯಿತು. ವರ್ಷದ ಕೊನೆಗೆ ತುರ್ಕಿಯ ನೌಕೆ ಮತ್ತೆ ಬಂದು, ಪಡೆಯನ್ನು ಒಪ್ಪಿಕೊಳ್ಳಬೇಕು ಇಲ್ಲವೆ ಊರು ಬಿಟ್ಟು ಇಸ್ತಾಂಬುಲಿಗೆ ಹೊರಡಬೇಕೆಂದು ಷೇಖನಿಗೆ ನಿರ್ಬಂಧ ಹಾಕಿತು. ಬ್ರಿಟಿಷರ ಬೆಂಬಲದಿಂದ ಅವನು ಎರಡಕ್ಕೂ ಒಲ್ಲೆನೆಂದನು. ಮರುವರ್ಷ ಸೋದರರ ಮಕ್ಕಳು ಎರಡು ಹಡಗುಗಳಲ್ಲಿ ಜನರನ್ನು ತುಂಬಿಕೊಂಡು ಷತ್ತುಲ್ ಅರಬಿನಿಂದ ಹೊರಟಾಗ ಲ್ಯಾಪ್ವಿಂಗ್ ಎಂಬ ಬ್ರಿಟಿಷ್ ನೌಕೆ ಅವರನ್ನು ಕಡಲಲ್ಲೇ ಹಿಡಿಯಿತು. ಮುಬಾರಕನ ಲೆಕ್ಕ ಸರಿಯಾಗಿತ್ತು. ಆದರೆ ತುರ್ಕಿಯವರು ಉತ್ತರದಲ್ಲಿ ಸಫ್ವಾನ್, ಉಮ್ ಕಸ್ರ್‌ಗಳಲ್ಲಿಯೂ ಬುಬಿಯಾನ್ ದ್ವೀಪದಲ್ಲಿಯೂ ಠಾಣೆಗಳನ್ನು ಹಾಕಿಕೊಂಡರು. ಅವುಗಳನ್ನು ತೆಗೆಸಲು ಯಾವ ನೌಕೆಯೂ ಬರಲಿಲ್ಲ. ನೌಕೆಯ ನೆರಳು ಊರಿನಷ್ಟೇ ಅಗಲವಾಗಿತ್ತು.

ಅದೇ ಕಾಲದಲ್ಲಿ ಮತ್ತೊಂದು ಘಟನೆ ನಡೆಯಿತು. ಅದರ ಮಹತ್ವ ಆಗ ಯಾರಿಗೂ ಹೊಳೆದಿರಲಾರದು. ಸೌದ್ ಮನೆತನದ ತರುಣ ಅಬ್ದುಲ್ ಅಜೀಜನು ಸುಮಾರು ನಲವತ್ತು ಜನರೊಡನೆ ಕುವೈತಿನಿಂದ ಹೊರಟು, 1902ರ ಜನವರಿಯ ಒಂದು ಮುಂಜಾವ ರಿಯಾದಿನ ಕೋಟೆಯನ್ನು ಹಿಡಿದನು. ಅವನು ಮುಬಾರಕನ ಮಜ್ಲಿಸಿನಲ್ಲಿ ಬೆಳೆದ ಹುಡುಗ. ದೇಶವಿದೇಶಗಳ ದೂತರು, ವರ್ತಕರು, ಗೂಢಚಾರರು ಬಂದುಹೋಗುವ ಆ ಚಾವಡಿಯಲ್ಲಿ, ಒಬ್ಬರನ್ನು ಇನ್ನೊಬ್ಬರ ಮೇಲೆ ತೂಗಿ ನೋಡುವ ವಿದ್ಯೆಯನ್ನು ಮೂಲೆಯಲ್ಲಿ ಕುಳಿತು ಕಲಿತಿದ್ದನು. ಶಿಷ್ಯನು ಮುಂದೆ ಗುರುವಿಗಿಂತ ದೊಡ್ಡವನಾದನು. ಸೌದಿ ಅರೇಬಿಯವನ್ನು ಕಟ್ಟಿದವನು ಅವನೇ.

ಮುಂಬಯಿಯ ಗಾಡಿ

1902ರ ಆಗಸ್ಟಿನಲ್ಲಿ ಮೈಸೂರಿಗೆ ಬಂದು ನಾಲ್ವಡಿ ಕೃಷ್ಣರಾಜ ಒಡೆಯರಿಗೆ ರಾಜ್ಯಾಧಿಕಾರವನ್ನು ವಹಿಸಿಕೊಟ್ಟ ಕರ್ಜನ್, 1903ರ ನವೆಂಬರಿನಲ್ಲಿ ನೌಕಾಪಡೆಯೊಡನೆ ಕೊಲ್ಲಿಯ ಯಾತ್ರೆಗೆ ಹೊರಟನು. ಭಾರತದ ವೈಸರಾಯನೊಬ್ಬನು ಕುವೈತಿನ ದಡಕ್ಕೆ ಬರುವುದು ಅದೇ ಮೊದಲು. ಅವನನ್ನು ನಡೆಸಿಕೊಂಡು ಬರುವುದು ಸರಿಯಲ್ಲವೆಂದು ಮುಬಾರಕನು ಮುಂಬಯಿಯಿಂದ ಒಂದು ವಿಕ್ಟೋರಿಯ ಗಾಡಿಯನ್ನು ತರಿಸಿದ್ದನು. ಗಾಡಿಯೇ ಇಲ್ಲದ ಊರಿನಲ್ಲಿ ಗಾಡಿ ಹೋಗುವ ರಸ್ತೆಯೂ ಇರಲಿಲ್ಲ. ಸುತ್ತಲೂ ಒಂಟೆಗಳು, ಕುದುರೆಗಳು, ಗಾಳಿಗೆ ಗುಂಡು ಹಾರಿಸುವ ಸವಾರರು. ನಡುವೆ ವೈಸರಾಯನೂ ಷೇಖನೂ ಒಂದೇ ಗಾಡಿಯಲ್ಲಿ ಕುಲುಕುತ್ತ ಊರು ಸೇರಿದರು. ಕರ್ಜನ್ ಅವನಿಗೆ ಒಂದು ಖಡ್ಗವನ್ನು ಕೊಟ್ಟನು. ಮುಬಾರಕನು ಅದನ್ನು ಸೊಂಟಕ್ಕೆ ಕಟ್ಟಿಕೊಂಡನು. ಗುಟ್ಟಾಗಿದ್ದ ಸಂಬಂಧವನ್ನು ಮರುಭೂಮಿಗೆಲ್ಲ ಸಾರಲು ಇದಕ್ಕಿಂತ ಬೇರೆ ಡಂಗುರ ಬೇಕಾಗಿರಲಿಲ್ಲ.

1904ರಲ್ಲಿ ಕ್ಯಾಪ್ಟನ್ ನಾಕ್ಸ್ ಎಂಬುವನು ಮೊದಲನೆಯ ಪೊಲಿಟಿಕಲ್ ಏಜೆಂಟನಾಗಿ ಬಂದು ಕುವೈತಿನಲ್ಲಿ ಮನೆ ಹೂಡಿದನು. 1907ರಲ್ಲಿ ಷುವೈಖ್ ಬಂದರಿನ ನೆಲವನ್ನು ಮುಬಾರಕನು ವರ್ಷಕ್ಕೆ ಅರವತ್ತು ಸಾವಿರ ರೂಪಾಯಿಗೆ ಬ್ರಿಟಿಷರಿಗೆ ಗುತ್ತಿಗೆ ಕೊಟ್ಟನು. ಆ ಪತ್ರದಲ್ಲಿ ಹಣಕ್ಕಿಂತ ಬೆಲೆಯುಳ್ಳ ಒಂದು ಮಾತನ್ನು ಅವನು ಸೇರಿಸಿಕೊಂಡನು: ಕುವೈತ್ ಊರೂ ಅದರ ಎಲ್ಲೆಗಳೂ ಮುಬಾರಕನಿಗೂ ಅವನ ಅನಂತರ ಅವನ ವಾರಸುದಾರರಿಗೂ ಸೇರಿದುವೆಂಬ ಒಪ್ಪಿಗೆ. ಅಣ್ಣನ ಮಕ್ಕಳ ಹಕ್ಕು ಅಲ್ಲಿಗೆ ಕಾಗದದ ಮೇಲೆಯೂ ಮುಗಿಯಿತು. ಇಬ್ನ್ ರಷೀದನು 1906ರಲ್ಲಿ ಯುದ್ಧದಲ್ಲಿ ಮಡಿದಿದ್ದನು; ಹಟವಾದಿಯಾದ ಯೂಸುಫನೂ ಅದೇ ಕಾಲಕ್ಕೆ ಕಣ್ಮುಚ್ಚಿದ್ದನು. ಹತ್ತು ವರ್ಷಗಳ ನಿದ್ರೆಗೇಡು ತೀರಿತು.

ಮುಳುಗುವವರು

ಹೊರಗಿನವರ ಭಯ ತೀರಿದ ದೊರೆ ಒಳಗಿನವರ ಮೇಲೆ ಭಾರವಾಗುವುದು ಲೋಕರೂಢಿ. ವರ್ತಕರ ಸುಂಕವನ್ನು ನಂಬಿ ಬದುಕುತ್ತಿದ್ದ ಷೇಖನಿಗೆ ಈಗ ಬ್ರಿಟಿಷರ ಹಣವೂ ಬೆಂಬಲವೂ ಇದ್ದವು. ಊರ ಹಿರಿಯರ ಮಾತನ್ನು ಕೇಳಲೇಬೇಕೆಂಬ ಕಟ್ಟು ಸಡಿಲವಾಯಿತು. ಅವನು ಸುಂಕವನ್ನು ಏರಿಸಿದನು. ಮುತ್ತಿನ ದೋಣಿಗಳ ಮೇಲೆ, ಮನೆಗಳ ಮೇಲೆ ತೆರಿಗೆ ಹಾಕಿದನು. ಅದರ ಭಾರವೆಲ್ಲ ಕೊನೆಗೆ ಇಳಿಯುತ್ತಿದ್ದುದು ಮುಳುಗುವವರ ಹೆಗಲಿಗೆ. ಮೂಗಿಗೆ ಚಿಮಟ ಕಚ್ಚಿಕೊಂಡು, ಕಾಲಿಗೆ ಕಲ್ಲು ಕಟ್ಟಿಕೊಂಡು, ದಿನಕ್ಕೆ ಹತ್ತಾರು ಸಲ ಕಡಲ ತಳಕ್ಕಿಳಿಯುವ ಆ ಬಡವರು ದೋಣಿಯೊಡೆಯನಿಗೆ ಸಾಲಗಾರರು. ದೋಣಿಯೊಡೆಯನು ವರ್ತಕನಿಗೆ ಸಾಲಗಾರ. ತಂದೆಯ ಸಾಲ ಮಗನಿಗೆ ಇಳಿಯುತ್ತಿದ್ದಿತು.

1910ರಲ್ಲಿ ಮುಬಾರಕನೂ ಇಬ್ನ್ ಸೌದನೂ ಸೇರಿ ಮುಂತಫಿಕ್ ಬಳಗದ ಸಾದೂನನ ಮೇಲೆ ಹೋಗಿ ಹದಿಯಾ ಎಂಬಲ್ಲಿ ಸೋತರು. ಸೇಡು ತೀರಿಸಿಕೊಳ್ಳಲು ಮತ್ತೊಂದು ದಂಡಯಾತ್ರೆಯಾಗಬೇಕೆಂದು ಮುಬಾರಕನು ಹೊಸ ತೆರಿಗೆ ಹಾಕಿ, ಯುದ್ಧಕ್ಕೆ ಜನ ಬೇಕೆಂದು ಮುತ್ತಿನ ದೋಣಿಗಳು ಹೊರಡುವುದನ್ನೇ ತಡೆದನು. ಊರಿನ ಅನ್ನವನ್ನೇ ತಡೆದಂತಾಯಿತು. ಆಗ ಹಿಲಾಲ್ ಅಲ್-ಮುತೈರಿಯೇ ಮೊದಲಾದ ಮೂವರು ಮುಖ್ಯ ಮುತ್ತಿನ ವರ್ತಕರು ಒಂದು ಕೆಲಸ ಮಾಡಿದರು. ಅವರು ಕತ್ತಿ ಹಿರಿಯಲಿಲ್ಲ, ಬಿನ್ನವತ್ತಳೆ ಬರೆಯಲಿಲ್ಲ. ತಮ್ಮ ದೋಣಿಗಳನ್ನೂ ಜನರನ್ನೂ ಕರೆದುಕೊಂಡು ಊರನ್ನೇ ಬಿಟ್ಟುಹೋದರು. ಕಡಲನ್ನೇ ನಂಬಿದ ಜನಕ್ಕೆ ನೆಲದ ಹಂಗು ಎಷ್ಟು? ಹಿಲಾಲನು ಬಹರೈನಿಗೆ ಹೋಗಿ ನಿಂತನು. ಸುಂಕ ಕೊಡುವವರೇ ಇಲ್ಲದ ಮೇಲೆ ಸುಂಕದ ಕಟ್ಟೆಯಿಂದ ಪ್ರಯೋಜನವೇನು? ಮುಬಾರಕನು ದೂತರನ್ನು ಕಳುಹಿಸಿದನು, ಮಗ ಸಾಲಿಮನನ್ನು ಕಳುಹಿಸಿದನು, ತೆರಿಗೆಗಳನ್ನು ಕೈಬಿಟ್ಟನು. ಇಬ್ಬರು ಮರಳಿದರು, ಹಿಲಾಲನು ಬರಲಿಲ್ಲ. ಕೊನೆಗೆ ವೃದ್ಧನಾದ ಷೇಖನು ತಾನೇ ಹಡಗು ಹತ್ತಿ ಹೋಗಿ ಅವನನ್ನು ಒಲಿಸಬೇಕಾಯಿತು. ಇಸ್ತಾಂಬುಲಿಗೆ ಬಾಗದ ತಲೆ ಒಬ್ಬ ಮುತ್ತಿನ ವ್ಯಾಪಾರಿಯ ಮುಂದೆ ಬಾಗಿತು. ಅವನ ಬಾಳಿನಲ್ಲಿ ಇದೊಂದು ದೊಡ್ಡ ಘಟನೆ ಎಂದೇ ಹೇಳಬೇಕು. ಬ್ರಿಟಿಷ್ ನೌಕೆಯಿಂದ ತಡೆಯಲಾಗದ ಶಕ್ತಿಯೊಂದು ಊರೊಳಗೇ ಇದ್ದಿತೆಂಬುದು ಅಂದು ಗೊತ್ತಾಯಿತು.

ಆದರೂ ಅವನ ಕಾಲದಲ್ಲಿ ಊರು ಬೆಳೆಯಿತು. ಆ ಶತಮಾನದ ಮೊದಲ ವರ್ಷಗಳಲ್ಲಿ ಅಲ್ಲಿ ಸುಮಾರು 35,000 ಜನ ಇದ್ದರೆಂದು ಭಾರತ ಸರ್ಕಾರದ ಅಧಿಕಾರಿ ಲಾರಿಮರ್ ಸಿದ್ಧಪಡಿಸಿದ ಗೆಜೆಟಿಯರು ಎಣಿಸಿದೆ. 1911ರಲ್ಲಿ ವರ್ತಕರು ಹಣ ಕೂಡಿಸಿ ಮೊದಲನೆಯ ಪದ್ಧತಿಬದ್ಧ ಶಾಲೆಯನ್ನು ತೆರೆದರು. ಅದಕ್ಕೆ ಮುಬಾರಕೀಯ ಶಾಲೆಯೆಂದು ದೊರೆಯ ಹೆಸರನ್ನೇ ಇಟ್ಟರು. ಅಮೆರಿಕದ ಮಿಷನ್ ವೈದ್ಯರನ್ನು ಮುಬಾರಕನು ಬರಮಾಡಿಕೊಂಡು ಆಸ್ಪತ್ರೆಗೆ ಎಡೆ ಕೊಟ್ಟನು.

ಬೆನ್ನ ಹಿಂದೆ

ಹದಿನಾಲ್ಕು ವರ್ಷ ಒಪ್ಪಂದವನ್ನು ಮುಬಾರಕನು ಚಾಚೂ ತಪ್ಪದೆ ನಡೆಸಿದ್ದನು. ಅದಕ್ಕೆ ದೊರೆತ ಪ್ರತಿಫಲ 1913ರಲ್ಲಿ ಕಂಡಿತು. ಬಾಗ್ದಾದ್ ರೈಲಿನ ವಿಚಾರದಲ್ಲಿ ತುರ್ಕಿಯೊಡನೆ ರಾಜಿಯಾಗಬೇಕಾಗಿದ್ದ ಬ್ರಿಟಿಷರು, ಆ ವರ್ಷದ ಜುಲೈ 29ರಂದು ಲಂಡನಿನಲ್ಲಿ ಒಂದು ಕರಾರಿಗೆ ಸಹಿ ಹಾಕಿದರು. ಕುವೈತ್ ತುರ್ಕಿ ಸಾಮ್ರಾಜ್ಯದ ಒಂದು ಸ್ವಾಯತ್ತ ಜಿಲ್ಲೆಯೆಂದು ಅದರಲ್ಲಿ ಒಪ್ಪಿದ್ದರು. ಷೇಖನು ಕೈಮಕಾಮನೇ ಸರಿಯೆಂದು ಒಪ್ಪಿದ್ದರು. ಸುಲ್ತಾನನ ಒಬ್ಬ ಪ್ರತಿನಿಧಿ ಕುವೈತಿನಲ್ಲಿ ಇರಬಹುದೆಂದೂ ಒಪ್ಪಿದ್ದರು. ಊರಿನ ಸುತ್ತ ಒಂದು ಕೆಂಪುಗೆರೆ, ಅದರಾಚೆ ಒಂದು ಹಸುರುಗೆರೆ ಎಳೆದು, ಒಳಗಿನದು ಷೇಖನ ಸ್ವಂತ, ಹೊರಗಿನದರಲ್ಲಿ ಬುಡಕಟ್ಟುಗಳು ಮಾತ್ರ ಅವನವು ಎಂದು ಗೊತ್ತುಮಾಡಿದ್ದರು. ಸಫ್ವಾನ್, ಉಮ್ ಕಸ್ರ್ ತುರ್ಕಿಗೆ ಹೋದುವು. ಬೇರೆ ರಾಜ್ಯದ ಪ್ರತಿನಿಧಿಯನ್ನು ತಾನು ಬರಮಾಡಿಕೊಳ್ಳುವುದಿಲ್ಲವೆಂದು ಮಾತು ಕೊಟ್ಟಿದ್ದವನ ಊರಿಗೆ, ಆ ಮಾತನ್ನು ಪಡೆದವರೇ ಪ್ರತಿನಿಧಿಯನ್ನು ಕರೆಸಿದರು. ಪರದೇಶಗಳೊಡನೆ ಮಾತನಾಡುವ ಹಕ್ಕನ್ನು ಬಿಟ್ಟುಕೊಟ್ಟವನಿಗೆ, ತನ್ನ ವಿಷಯವಾಗಿ ಪರರು ಮಾತನಾಡುವಾಗ ಕುಳಿತುಕೊಳ್ಳಲು ಮಣೆಯಿರಲಿಲ್ಲ. ಎಲ್ಲವೂ ತೀರ್ಮಾನವಾದ ಮೇಲೆ ರೆಸಿಡೆಂಟ್ ಪರ್ಸಿ ಕಾಕ್ಸ್ ಬಂದು ಅವನನ್ನು ಸಮಾಧಾನಪಡಿಸಬೇಕಾಯಿತು. ಮುಬಾರಕನಿಗೆ ನೋವಾಯಿತು, ಆದರೆ ಹೋಗಲು ಬೇರೆ ಬಾಗಿಲು ಉಳಿದಿರಲಿಲ್ಲ. ಅದೇ ಅಕ್ಟೋಬರಿನಲ್ಲಿ, ನೆಲದಲ್ಲಿ ಎಣ್ಣೆ ದೊರೆತರೆ ಬ್ರಿಟಿಷ್ ಸರ್ಕಾರ ಸೂಚಿಸಿದವರಿಗೆ ಹೊರತು ಬೇರೆಯವರಿಗೆ ಪರವಾನಗಿ ಕೊಡುವುದಿಲ್ಲವೆಂದೂ ಬರೆದುಕೊಟ್ಟನು. ಆ ಒಂದು ಕಾಗದದ ಬೆಲೆಯನ್ನು ಊಹಿಸಲು ಯಾರಿಗೂ ಸಾಧ್ಯವಿರಲಿಲ್ಲ. ಬುರ್ಗಾನಿನಲ್ಲಿ ಎಣ್ಣೆ ಕಂಡದ್ದು 1938ರಲ್ಲಿ.

ಲಂಡನಿನ ಕರಾರು ಊರ್ಜಿತವಾಗುವ ಮೊದಲೇ ಮಹಾಯುದ್ಧ ಬಂದಿತು. ತುರ್ಕಿ ಶತ್ರುವಾದೊಡನೆ ಬ್ರಿಟಿಷರ ಭಾಷೆ ಬದಲಾಯಿತು. 1914ರ ನವೆಂಬರ್ 3ರಂದು, ಕುವೈತ್ ಬ್ರಿಟಿಷ್ ರಕ್ಷಣೆಯಲ್ಲಿರುವ ಸ್ವತಂತ್ರ ರಾಜ್ಯವೆಂದು ಅವರು ಬರೆದುಕೊಟ್ಟರು. ಫಾವ್‌ನಿಂದ ಕುರ್ನಾದವರೆಗಿನ ಅವನ ಖರ್ಜೂರದ ತೋಟಗಳು ಅವನಿಗೂ ಅವನ ಸಂತತಿಗೂ ತೆರಿಗೆಯಿಲ್ಲದೆ ಸೇರಿರುವುದೆಂದು ಮಾತು ಕೊಟ್ಟರು. ಹದಿನೈದು ವರ್ಷ ಕಾದ ರಕ್ಷಣೆ ಎಂಬ ಪದ ಅಂದು ಅವನಿಗೆ ದೊರೆಯಿತು. ಆದರೆ ಮುಂದಿನ ವರ್ಷ, ಬ್ರಿಟಿಷರ ಮಿತ್ರನೂ ತನ್ನ ಆಪ್ತನೂ ಆದ ಮುಹಮ್ಮರಾದ ಷೇಖ್ ಖಜಲನ ನೆರವಿಗೆ ಹಡಗುಗಳಲ್ಲಿ ಹೋಗಬೇಕೆಂದು ಅವನು ಜನರಿಗೆ ಅಪ್ಪಣೆ ಮಾಡಿದಾಗ, ಸುಲ್ತಾನನ ವಿರುದ್ಧ, ಸ್ವಧರ್ಮೀಯರ ವಿರುದ್ಧ ನಾವು ಹೋಗಲಾರೆವೆಂದು ಜನ ನಿರಾಕರಿಸಿದರು. ಕಾಗದಕ್ಕೆ ಮುದ್ರೆಯೊತ್ತಿದವನು ದೊರೆ, ಜನ ಒತ್ತಿರಲಿಲ್ಲ. 1915ರ ನವೆಂಬರ್ 28ರಂದು ಮುಬಾರಕನು ತೀರಿಕೊಂಡನು.

ಕಾಗದದ ಮುಂದಿನ ಬಾಳು

ಅವನ ಮಗ ಜಾಬಿರನೂ, 1917ರಲ್ಲಿ ಮತ್ತೊಬ್ಬ ಮಗ ಸಾಲಿಮನೂ ಪಟ್ಟಕ್ಕೆ ಬಂದರು. ಅನಂತರ ಬಹುಕಾಲ ಗದ್ದುಗೆಯು ಈ ಎರಡು ಶಾಖೆಗಳಲ್ಲಿಯೇ ನಿಂತಿತು. 1922ರಲ್ಲಿ ಉಕೈರಿನಲ್ಲಿ ಪರ್ಸಿ ಕಾಕ್ಸ್ ಗಡಿಗಳನ್ನು ಎಳೆದಾಗ, 1913ರ ಹೊರಗೆರೆಯೊಳಗಿನ ನೆಲದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಇಬ್ನ್ ಸೌದನಿಗೆ ಹೋಯಿತು. ಕುವೈತಿನ ಪರವಾಗಿ ಅಲ್ಲಿ ಕುಳಿತವನು ಬ್ರಿಟಿಷ್ ಏಜೆಂಟನೇ. ಮುಬಾರಕನು ಅನ್ನವಿಟ್ಟು ಸಾಕಿದವನಿಗೆ ಮುಬಾರಕನ ನೆಲವನ್ನು, ಮುಬಾರಕನು ನಂಬಿದವರು ಹಂಚಿಕೊಟ್ಟರು. ತೋಟಗಳ ಹಕ್ಕಿನ ಬಗೆಗೂ ತೆರಿಗೆಯ ಬಗೆಗೂ ಇರಾಕಿನೊಡನೆ ದೀರ್ಘಕಾಲ ವ್ಯಾಜ್ಯ ನಡೆಯಿತು.

1961ರ ಜೂನ್ 19ರಂದು 1899ರ ಒಪ್ಪಂದವನ್ನು ರದ್ದುಮಾಡಿ ಕುವೈತ್ ಸ್ವತಂತ್ರವಾಯಿತು. ಆರು ದಿನ ಕಳೆಯುವುದರೊಳಗೆ ಇರಾಕಿನ ಪ್ರಧಾನಿ ಅಬ್ದುಲ್ ಕರೀಂ ಕಾಸಿಂ, ಕುವೈತ್ ಹಿಂದೆ ಬಸ್ರಾ ಪ್ರಾಂತದ ಅಂಗವೆಂದು ವಾದಿಸಿ ಅದರ ಮೇಲೆ ಹಕ್ಕು ಸಾರಿದನು. ನಿದ್ರೆಗೆಟ್ಟ ಷೇಖನೊಬ್ಬನು ಅನುಕೂಲಕ್ಕೆಂದು ಪಡೆದಿದ್ದ ಕೈಮಕಾಮ್ ಬಿರುದು ಅರುವತ್ತು ವರ್ಷಗಳ ಮೇಲೆ ಸಾಕ್ಷಿ ಹೇಳಲು ಎದ್ದುಬಂದಿತು. 1990ರ ಆಗಸ್ಟಿನಲ್ಲಿ ಇರಾಕ್ ಸೈನ್ಯ ಕುವೈತನ್ನು ಆಕ್ರಮಿಸಿದಾಗಲೂ ಅದೇ ವಾದ ಕೇಳಿಬಂದಿತು. ಆಗಲೂ ಆ ಮನೆತನವನ್ನು ಮತ್ತೆ ನೆಲೆಗೊಳಿಸಿದ್ದು ಹೊರಗಿನ ಸೈನ್ಯಗಳ ಬಲವೇ.

ಹಾಗಾದರೆ ಮುಬಾರಕನನ್ನು ಹೇಗೆ ಅಳೆಯಬೇಕು? ಅವನ ಕೈಗೆ ಅಂಟಿದ ರಕ್ತವನ್ನು ಯಾವ ರಾಜನೀತಿಯೂ ತೊಳೆಯಲಾರದು. ಆದರೆ ಒಂದು ವಿಷಯ ಸ್ಪಷ್ಟ: ಅವನು ಆ ಕಾಗದಕ್ಕೆ ಮುದ್ರೆಯೊತ್ತದಿದ್ದರೆ ಕುವೈತ್ ಎಂಬ ರಾಜ್ಯ ಭೂಪಟದಲ್ಲಿ ಇರುತ್ತಿತ್ತೆಂದು ಹೇಳುವುದು ಕಷ್ಟ. ಅವನು ರಕ್ಷಿಸಿಕೊಳ್ಳಲು ಹೊರಟದ್ದು ರಾಜ್ಯವನ್ನಲ್ಲ, ತನ್ನ ಮನೆಯನ್ನು. ಮನೆಯ ಸುತ್ತ ರಾಜ್ಯವೊಂದು ಬೆಳೆದು ನಿಂತಿತು. ಅದಕ್ಕೆ ಅವನು ತೆತ್ತ ಬೆಲೆ ತನ್ನ ನೆಲದ ಬಗೆಗೆ ತಾನೇ ಮಾತನಾಡುವ ಹಕ್ಕು. ಮಾತು ಕಳೆದುಕೊಂಡವನ ಪರವಾಗಿ ಬೇರೆಯವರು ಎಷ್ಟು ಚೆನ್ನಾಗಿ ಮಾತನಾಡಿದರೆಂಬುದನ್ನು ಲಂಡನಿನಲ್ಲಿಯೂ ಉಕೈರಿನಲ್ಲಿಯೂ ಕಂಡೆವು. ದುರ್ಬಲನಿಗೆ ಬಲಿಷ್ಠನ ಆಸರೆ ಅಗತ್ಯವಾಗುವ ಕಾಲ ಬಾರದೆ ಇರದು. ಆದರೆ ಆಸರೆ ಕೊಡುವವನು ಅದನ್ನು ತನ್ನ ಕೆಲಸಕ್ಕಾಗಿ ಕೊಡುತ್ತಾನೆ, ಕೆಲಸ ಬದಲಾದ ದಿನ ಅದರ ಅರ್ಥವನ್ನೂ ಬದಲಿಸುತ್ತಾನೆ. ಮುಬಾರಕನು ಇದನ್ನು ಅರಿಯದವನಲ್ಲ. ಅರಿತೂ ಮುದ್ರೆಯೊತ್ತಿದನು. ಅವನ ಸಂತತಿಯವರು ಸಂವಿಧಾನದಲ್ಲಿ ಅವನ ಹೆಸರನ್ನು ಬರೆದುಕೊಂಡಾಗ, ಆ ಮುದ್ರೆಯ ಋಣವನ್ನು ಒಪ್ಪಿಕೊಂಡಂತಾಯಿತು.